ಅಪ್‌ಡೇಟ್: ಇನ್ವರ್ಟರ್ ಬ್ಯಾಟರಿ ಕೊನೆಗೂ ಬದಲಾಯ್ತು

ಹೋದ ತಿಂಗಳು ಕೇಳಿದ್ದೆನಲ್ಲ, ಶಿವಮೊಗ್ಗದಲ್ಲಿ ಕೊಂಡ ಬ್ಯಾಟರಿ ಹನ್ನೆರಡೇ ದಿನಕ್ಕೆ ಪಕ್ಕ ಉಬ್ಬಿಕೊಂಡಿದೆ, ಅಂಗಡಿಯವರು ವಾಪಸ್ ತಗೊಳ್ತಿಲ್ಲ ಅಂತ? ಬಿಲ್ಲಿನ ಕೆಳಗೆ ಸಣ್ಣಕ್ಷರದಲ್ಲಿದ್ದ ‘ಮಾರಿದ ಮಾಲು ವಾಪಸ್ ಇಲ್ಲ’ ಸಾಲಿನ ಮೇಲೆ ಬೆರಳಿಟ್ಟು ಕಳಿಸಿದ್ದರು.

ನೀವು ಹೇಳಿದ ಹಾಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ದೂರು ಕೊಟ್ಟೆ. ಅಂಗಡಿಗೂ ಕಾಗದ ಬರೆದೆ: 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಬಿಲ್ಲಿನಲ್ಲಿ ಅವಧಿ ಹಾಕಿರದಿದ್ದರೆ, ದೋಷವಿರುವ ಮಾಲನ್ನು 30 ದಿನದೊಳಗೆ ವಾಪಸ್ ತಗೊಂಡು ಹಣ ಕೊಡಬೇಕು. ಬಿಲ್ಲಿನ ಆ ಒಂದು ಸಾಲು ನೋಡಿ ಎಷ್ಟು ಜನ ಸುಮ್ನೆ ಮನೆಗೆ ಹೋಗಿದ್ದಾರೋ, ನೆನೆದರೆ ಸಂಕಟ ಆಗುತ್ತೆ.

ನಿನ್ನೆ ಹೊಸ ಬ್ಯಾಟರಿ ತೀರ್ಥಹಳ್ಳಿಯ ಮನೆಗೇ ಬಂತು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗೋ ಪ್ರಮೇಯ ಬರಲಿಲ್ಲ. ಮಾಲಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೂ ಇಲ್ಲ. ರಾತ್ರಿ ಮಳೆಗೆ ಕರೆಂಟ್ ಹೋದಾಗ ಅಮ್ಮನ ಕೋಣೆಯ ದೀಪ ಆರಲಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.