ಸಹಾಯ ಬೇಕು: ಹಳೇ ಡಚ್ ಓದಬಲ್ಲವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಎಂಟನೇ ಕ್ಲಾಸಿನ ಮಕ್ಕಳಿಗೆ ಒಂದು ಪುಟ್ಟ ನಾಟಕ ಬರೆಯುತ್ತಿದ್ದೇನೆ. ಸೂಕ್ಷ್ಮದರ್ಶಕದಲ್ಲಿ ಪುಟ್ಟ ಜೀವಿಗಳನ್ನು ನೋಡಿದ ಲೇವನ್‌ಹುಕ್‌ಗೆ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಬಾಗಿಲು ತೆರೆಸಿದ ಕಾಗದದ ಕಥೆ.

1673ರ ಏಪ್ರಿಲ್‌ನಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ಊರಿನ ವೈದ್ಯ ಡಿ ಗ್ರಾಫ್, ಸೊಸೈಟಿಯ ಕಾರ್ಯದರ್ಶಿ ಓಲ್ಡನ್‌ಬರ್ಗ್‌ಗೆ ಬರೆದು ಇವರನ್ನು ಪರಿಚಯಿಸಿದರು. ಜೊತೆಗೆ ಬೂಷ್ಟು, ಜೇನುನೊಣದ ಕೊಂಡಿ, ಹೇನುಗಳನ್ನು ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ನೋಡಿದ ವಿವರ. ಲೇವನ್‌ಹುಕ್ ಬಟ್ಟೆ ವ್ಯಾಪಾರಿ, ಆಗಿನ ವಿದ್ವಾಂಸರ ಭಾಷೆ ಲ್ಯಾಟಿನ್ ಬಾರದು, ಬರೆದದ್ದೆಲ್ಲ ಡಚ್ಚಲ್ಲೇ! 1680ರಲ್ಲಿ ಸೊಸೈಟಿಯ ಫೆಲೋ (ಸದಸ್ಯ) ಆದರು. ಅದನ್ನು ನೋಡಲು ಡಿ ಗ್ರಾಫ್ ಇರಲಿಲ್ಲ ಪಾಪ, 1673ರ ಆಗಸ್ಟ್‌ನಲ್ಲೇ ತೀರಿಕೊಂಡಿದ್ದರು.

ನೆದರ್ಲೆಂಡ್ಸ್‌ನಲ್ಲಿರುವ ಕನ್ನಡಿಗರೇ, ನಮ್ಮ ‘ಉಭಯ ಕುಶಲೋಪರಿ’ ಥರ ಆ ಕಾಲದ ಡಚ್ಚರು ಕಾಗದ ಹೇಗೆ ಶುರು ಮಾಡುತ್ತಿದ್ದರು? ಸುಮ್ನೆ ಊಹಿಸಿ ಬರೆಯಲು ಮನಸ್ಸಿಲ್ಲ. ಹೆಸರುಗಳ ಸರಿಯಾದ ಉಚ್ಚಾರವನ್ನೂ ವಾಯ್ಸ್ ಮೆಸೇಜಲ್ಲಿ ಕಳಿಸಿದರೆ ದೊಡ್ಡ ಉಪಕಾರ.