ಬಿರುಕು ಬಿಟ್ಟ ದವಡೆ ಹಲ್ಲು: ಕ್ಯಾಪ್ ಹಾಕಿಸಲೋ, ಕೀಳಿಸಲೋ?

ಪ್ರಶ್ನೆ: ಕೆಳಗಿನ ದವಡೆ ಹಲ್ಲು. ಕಚ್ಚಿದಾಗ ಅಲ್ಲ, ಕಚ್ಚಿ ಬಿಟ್ಟಾಗ ಚುಳ್ ಅನ್ನುತ್ತದೆ. ತಣ್ಣೀರು ತಾಗಿದರೂ ಅಷ್ಟೇ. ಎಕ್ಸ್‌ರೇ ಸರಿ ಇದೆ. ಡಾಕ್ಟರು ಬಿರುಕಿರಬಹುದು, ಕ್ಯಾಪ್ ಹಾಕಿಸಿ ಎಂದರು. ಅನುಭವ ಇದ್ದವರು ಹೇಳಿ.

ಎಡದವಡೆ: ಎಕ್ಸ್‌ರೇ ಹೆಸರೆತ್ತಬೇಡಿ. ಬಿರುಕು ಸಾಮಾನ್ಯವಾಗಿ ಹಲ್ಲಿನ ಮುಂದಿನಿಂದ ಹಿಂದಕ್ಕೆ ಓಡುತ್ತದೆ, ಎಕ್ಸ್‌ರೇ ಕೆನ್ನೆ ಕಡೆಯಿಂದ ತೆಗೆಯುತ್ತಾರೆ. ಕಾಣೋದು ಹೇಗೆ? ನನಗೂ 'ಏನೂ ಇಲ್ಲ' ಅಂತ ಹೇಳಿ ಜುಮ್ಮೆನ್ನುವ ಹಲ್ಲಿನ ಪೇಸ್ಟ್ ಬರೆದುಕೊಟ್ಟರು. ಇನ್ನೊಬ್ಬ ಡಾಕ್ಟರು ಹಳೇ ಫಿಲ್ಲಿಂಗ್ ತೆಗೆದು ನೀಲಿ ಬಣ್ಣ ಹಚ್ಚಿದಾಗ ಗೆರೆ ಎದ್ದು ಕಂಡಿತು. ಕ್ಯಾಪ್ ಹಾಕಿಸಿದೆ. ಆಮೇಲೆ ರಾತ್ರಿ ತಾನಾಗೇ ನೋವು, ಬಿಸಿ ತಾಗಿದರೆ ಪ್ರಾಣ ಹೋಗುತ್ತಿತ್ತು. ಹೊಸ ಕ್ಯಾಪಿಗೇ ತೂತು ಕೊರೆದು ರೂಟ್ ಕೆನಾಲ್. ಸ್ವಲ್ಪ ದಿನ ಸುಮ್ನಿತ್ತು. ಕೊನೆಗೆ ಒಸಡಿನಲ್ಲಿ ಕೀವುಗುಳ್ಳೆ. ಹಲ್ಲು-ಒಸಡಿನ ಸಂದಿಗೆ ಅಳತೆ ಕಡ್ಡಿ ಹಾಕಿ ನೋಡಿದರೆ ಸುತ್ತಲೂ ಗಟ್ಟಿ, ಒಂದೇ ಜಾಗದಲ್ಲಿ ಆಳಕ್ಕೆ ಇಳಿಯಿತು. ಹಲ್ಲಿನ ಬೇರೇ ಸೀಳಿಹೋಗಿತ್ತು. ಕೀಳಿಸಿದೆ. ಮೂಳೆ ಸವೆದಿದ್ದರಿಂದ ಮೊದಲು ಮೂಳೆ ತುಂಬಿಸಬೇಕಾಯಿತು, ಆಮೇಲೆ ಇಂಪ್ಲಾಂಟ್, ಅಂದರೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಕಟ್ಟುವ ಹಲ್ಲು. ಕ್ಯಾಪಿನ ದುಡ್ಡು, ಕೆನಾಲಿನ ದುಡ್ಡು, ಕೀಳುವ ದುಡ್ಡು, ಮೂಳೆಯ ದುಡ್ಡು, ಸ್ಕ್ರೂ ಬೇರೆ, ಅದರ ಮೇಲಿನ ಹಲ್ಲು ಬೇರೆ. ಮೊದಲೇ ಕಿತ್ತಿದ್ದರೆ ಅರ್ಧ ಉಳಿಯುತ್ತಿತ್ತು.

ರಾತ್ರಿಕಟಕಟ: ಹೆದರಿಸಬೇಡಿ ಸರ್. ನನ್ನ ಕ್ಯಾಪ್ ಇವತ್ತಿಗೂ ಬಂಡೆ ಥರ ಇದೆ. ಬಿರುಕು ಎಷ್ಟು ಆಳ ಅನ್ನೋದೇ ಮುಖ್ಯ. ಹಲ್ಲಿನ ಹೊರಪದರ ಎನಾಮೆಲ್‌ನಲ್ಲಷ್ಟೇ ಇರುವ ಗೆರೆ ದೊಡ್ಡವರ ಹಲ್ಲಲ್ಲಿ ಮಾಮೂಲು, ಅದಕ್ಕೆ ಏನೂ ಮಾಡಬೇಕಿಲ್ಲ. ಎನಾಮೆಲ್ ಗಟ್ಟಿ, ಆದರೆ ಪೆಡಸು. ಒಳಗಿನ ಡೆಂಟಿನ್ ಸ್ವಲ್ಪ ಬಾಗುತ್ತದೆ, ಎರಡೂ ಸೇರುವಲ್ಲಿ ಬಿರುಕು ಹೆಚ್ಚಾಗಿ ನಿಂತುಬಿಡುತ್ತದೆ. ದಾಟಿ ನರದ ಕಡೆ ಹೋದರೆ ಕಷ್ಟ. ಬೇರಿಗೆ ಆಳಕ್ಕೆ ಇಳಿದರೆ ಹೆಚ್ಚಾಗಿ ಕೀಳೋದೇ. ನಾನು ನಿದ್ದೆಯಲ್ಲಿ ಹಲ್ಲು ಕಡಿಯುವವನು. ನೈಟ್ ಗಾರ್ಡ್ (ರಾತ್ರಿ ಹಲ್ಲಿಗೆ ಹಾಕುವ ಕವಚ) ಇಲ್ಲದೆ ಮಲಗಲ್ಲ. ಅದೂ ಈಗ ಒಂದು ಕಡೆ ತೂತು ಬಿದ್ದಿದೆ. ಆ ತೂತು ಹಲ್ಲಿಗೆ ಬೀಳಬೇಕಿತ್ತು, ಅಲ್ವಾ?

ಎಡದವಡೆ: ನಿಮ್ಮದು ಉಳಿಯಿತು ಅಂತ ಎಲ್ಲರದೂ ಉಳಿಯುತ್ತಾ? ಬಿರುಕು ಎಲ್ಲಿ ನಿಂತಿದೆ ಅಂತ ಹೊರಗಿನಿಂದ ಯಾರಿಗೂ ಕಾಣಲ್ಲ.

ಬಿಳಿಫಿಲ್ಲಿಂಗ್: ಎಲ್ಲದಕ್ಕೂ ಮೂಲ ಆ ಬೆಳ್ಳಿ ಫಿಲ್ಲಿಂಗ್. ಹಲ್ಲಿಗೆ ಅಂಟಲ್ಲ, ಸುಮ್ನೆ ಗುಳಿಯಲ್ಲಿ ಕೂತು ಬೆಣೆ ಥರ ಒತ್ತುತ್ತದೆ. ನಾನು ಎಲ್ಲಾ ತೆಗೆಸಿ ಬಿಳಿದು ಹಾಕಿಸಿದೆ.

ಹಳೇಬೆಳ್ಳಿ: ಬೆಳ್ಳಿಯನ್ನು ಬೈಯಬೇಡಿ. ನಿಮ್ಮ ಬಿಳಿದು ಲೈಟ್ ಹಿಡಿದು ಗಟ್ಟಿ ಮಾಡುವಾಗ ಕುಗ್ಗಿ ಹಲ್ಲಿನ ಗೋಡೆಯನ್ನೇ ಒಳಕ್ಕೆ ಎಳೆಯುತ್ತದೆ, ಅದು ಗೊತ್ತಾ? ಗುಳಿ ಅಗಲವಾದರೆ ಗೋಡೆ ತೆಳ್ಳಗಾಗುತ್ತದೆ. ಏನು ತುಂಬಿದರೂ ಮುರಿಯುತ್ತದೆ.

ಪ್ರಶ್ನೆ ಕೇಳಿದವರು: ನನ್ನ ಹಲ್ಲಿಗೆ ಫಿಲ್ಲಿಂಗೇ ಇಲ್ಲ.

ಬಿಳಿಫಿಲ್ಲಿಂಗ್: ಅದಕ್ಕೇ ಪದರಪದರವಾಗಿ ತುಂಬೋದು ಸ್ವಾಮಿ, ಕುಗ್ಗೋದು ಕಡಿಮೆಯಾಗಲಿ ಅಂತ. ನಿಮ್ಮ ಡಾಕ್ಟರಿಗೆ ಪುರುಸೊತ್ತಿರಲಿಲ್ಲ ಅನ್ನಿ.

ಹಳೇಬೆಳ್ಳಿ: ನನ್ನ ಡಾಕ್ಟರ ಸುದ್ದಿಗೆ ಬರಬೇಡಿ. ಅವರು ಹಾಕಿದ್ದು ನಿಮ್ಮ ಬಿಳಿದಕ್ಕಿಂತ ಹಳೇದು, ಇನ್ನೂ ಅಲ್ಲೇ ಇದೆ.

ರಾತ್ರಿಕಟಕಟ: ಫಿಲ್ಲಿಂಗ್ ಇಲ್ಲದ ಹಲ್ಲೂ ಸೀಳುತ್ತದೆ, ನನ್ನದೂ ಹಾಗೇ. ಕಚ್ಚುವ ಪರೀಕ್ಷೆ ಮಾಡಿಸಿದಿರಾ? ಹಲ್ಲಿನ ತಲೆಯ ಮೇಲಿರುವ ಒಂದೊಂದೇ ಮೊನೆಯ ಮೇಲೆ ಪ್ಲಾಸ್ಟಿಕ್ ತುಂಡಿಟ್ಟು ಕಚ್ಚಿಸುತ್ತಾರೆ. ಯಾವ ಮೊನೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಎಡದವಡೆ: ನನಗೂ ಮಾಡಿದ್ದರು. ಅದಕ್ಕೂ ಬೇರೆ ಬಿಲ್ ಹಾಕಿದ್ದರು.