ಇಂಟು ಹಾಕಿದ ಕಡೆ ಸಹಿ

ನೈಟ್ ಡ್ಯೂಟಿ ಮುಗಿಸಿದವರಿಗೆ ಬೆಳಗಿನ ಏಳೂವರೆಗೆ ಹಸಿವು, ನಿದ್ದೆ ಎರಡೂ ಒಟ್ಟಿಗೇ ಬರುತ್ತವೆ. ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ಹಸಿವಿನದೇ ಮೇಲುಗೈ. ಹಾಸನದ ಸಿಸ್ಟರು, ಲ್ಯಾಬಿನ ಗೌಡ್ರು, ಫಾರ್ಮಸಿ ಭಟ್ರು, ರೆಕಾರ್ಡ್ ರೂಮಿನ ನಾನು. ನನ್ನದು ಹಗಲು ಡ್ಯೂಟಿ. ಆದರೂ ತಿಂಡಿಯ ಹೊತ್ತಿಗೆ ಹಾಜರಿರುತ್ತೇನೆ.

ಅವತ್ತು ಭಟ್ರು ಖಾಲಿ ದೋಸೆ ಹೇಳಿ ಕೈ ತೊಳೆಯಲು ಹೋದರು. ಗೌಡ್ರು ತಕ್ಷಣ ಮಾಣಿಯನ್ನು ಕರೆದು, "ಅವ್ರಿಗೆ ಮಸಾಲೆ ಹಾಕ್ಸಪ್ಪ, ಪಾಪ, ರಾತ್ರಿಯೆಲ್ಲಾ ದುಡಿದಿದ್ದಾರೆ" ಅಂದರು. ಭಟ್ರಿಗೆ ಆಲೂಗಡ್ಡೆ ಆಗುವುದಿಲ್ಲ. ತಟ್ಟೆ ನೋಡಿ ಮುಖ ಸಿಂಡರಿಸಿ, "ಯಾರು ಹೇಳಿದ್ದು ಇದನ್ನ?" ಅಂದರು.

"ಇವ್ರು ಒಪ್ಕೊಂಡ್ರು ಸಾರ್" ಅಂದ ಮಾಣಿ.

ಸಿಸ್ಟರು ನಕ್ಕರು. "ಗೌಡ್ರೇ, ಇದು ಸುಪ್ರೀಂ ಕೋರ್ಟಿನವರೆಗೂ ಹೋದ ಕೇಸು."

"ದೋಸೆನಾ?"

"ಒಪ್ಪಿಗೆ. ದೆಹಲಿಯಲ್ಲಿ ಒಬ್ಬ ಹೆಂಗಸು, 44 ವರ್ಷ. ಲ್ಯಾಪ್ರೋಸ್ಕೋಪಿ ಮಾಡಿ ಏನು ತೊಂದ್ರೆ ಅಂತ ನೋಡೋಕೆ ಸಹಿ ಹಾಕಿದ್ರು. ಅರಿವಳಿಕೆ ಕೊಟ್ಟಾಯ್ತು. ಒಳಗಡೆ ನೋಡಿದ ಡಾಕ್ಟರು, ಹೊರಗೆ ಕೂತಿದ್ದ ತಾಯಿ ಹತ್ರ ಒಪ್ಪಿಗೆ ತಗೊಂಡು ಗರ್ಭಕೋಶ, ಅಂಡಾಶಯ ಎರಡೂ ತೆಗೆದುಬಿಟ್ರು."

ಗೌಡ್ರ ನಗು ನಿಂತಿತು.

"2008ರಲ್ಲಿ ಕೋರ್ಟು ಏನಂತು ಗೊತ್ತಾ? ಜೀವಕ್ಕೇನೂ ಅಪಾಯ ಇರ್ಲಿಲ್ಲ. ಎಚ್ಚರ ಆಗೋವರೆಗೆ ಕಾದು ಅವರನ್ನೇ ಕೇಳಬೇಕಿತ್ತು. ವಯಸ್ಸಿಗೆ ಬಂದವರ ಪರವಾಗಿ ತಾಯಿ ಒಪ್ಪಿದ್ರೆ ನಡೆಯಲ್ಲ. ಪರೀಕ್ಷೆಗೆ ಒಪ್ಪಿದ್ದು ಚಿಕಿತ್ಸೆಗೆ ಒಪ್ಪಿದ ಹಾಗಲ್ಲ."

"ಪರಿಹಾರ ಎಷ್ಟು?"

"25,000 ರೂಪಾಯಿ. ಡಾಕ್ಟರಿಗೆ ಫೀಸೂ ಇಲ್ಲ."

ನನಗಂತೂ ಆ ಮೊತ್ತ ತೀರಾ ಕಡಿಮೆ ಅನ್ನಿಸಿತು. ಭಟ್ರು ಆಲೂಗಡ್ಡೆಯನ್ನು ಚಮಚದಿಂದ ಗೌಡ್ರ ತಟ್ಟೆಗೆ ಸಾಗಿಸುತ್ತಾ, "ನಾನು ಹೋಗಿದ್ದು ಕೈ ತೊಳೆಯೋಕೆ. ಕಾಶಿಗಲ್ಲ" ಅಂದರು.

ಗೌಡ್ರು ಸುಮ್ಮನಿರುವ ಪೈಕಿ ಅಲ್ಲ. "ಹಾಗಾದ್ರೆ ಆಕ್ಸಿಡೆಂಟ್ ಆಗಿ ಪ್ರಜ್ಞೆ ಇಲ್ದೆ ಬಂದವನ ಸಹಿಗೂ ಕಾಯ್ಬೇಕಾ?"

"ಅಲ್ಲಿ ಕಾದ್ರೇನೇ ತಪ್ಪು. ಜೀವ ಉಳಿಸೋದು ಮೊದಲು, ಪೊಲೀಸರ ಶಾಸ್ತ್ರ ಆಮೇಲೆ. 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ."

ಈಗ ನನ್ನ ಸರದಿ. ಸಹಿ ಅಂದರೆ ನನಗೆ ಮೈ ಉರಿಯುತ್ತದೆ. ನನ್ನ ಕೈಗೆ ಬರುವ ಒಪ್ಪಿಗೆ ಪತ್ರಗಳನ್ನು ನೋಡಬೇಕು ನೀವು. ಆಪರೇಷನ್ನಿನ ಹೆಸರಿನ ಜಾಗ ಖಾಲಿ. ಅಪಾಯಗಳ ಜಾಗ ಖಾಲಿ. ಕೆಳಗೆ ಮಾತ್ರ ದಪ್ಪಗೆ ಒಂದು ಇಂಟು ಮಾರ್ಕು, ಪಕ್ಕದಲ್ಲಿ ಒರೆಸಿಹೋದ ನೇರಳೆ ಹೆಬ್ಬೆಟ್ಟು. 'ರೋಗಿಗೆ ಏನಾಗಬೇಕು?' ಅನ್ನುವ ಕಡೆ ಒಬ್ಬ ಪುಣ್ಯಾತ್ಮ 'ಬೇಗ ಹುಷಾರಾಗಬೇಕು' ಅಂತ ಬರೆದಿದ್ದ. ಇಡೀ ಹಾಳೆಯಲ್ಲಿ ಮನಸ್ಸಿಟ್ಟು ತುಂಬಿದ್ದು ಅದೊಂದೇ ಸಾಲು.

"ಆಮೇಲೆ ತುಂಬಿಸಿದ್ರಾಯ್ತು ಬಿಡಿ" ಅಂದರು ಗೌಡ್ರು.

"ಮನೆಯವರು ರೆಕಾರ್ಡ್ ಕೇಳಿದ್ರೆ 72 ಗಂಟೆಯೊಳಗೆ ಕೊಡ್ಬೇಕು ಅಂತ 2002ರ ನಿಯಮ ಇದೆ. ಅವತ್ತು ಎಲ್ಲರಿಗೂ ನನ್ನ ನೆನಪಾಗುತ್ತೆ. ನೀಲಿ ಪೆನ್ನಿನ ಹಾಳೆಗೆ ಕಪ್ಪು ಪೆನ್ನಲ್ಲಿ ತುರುಕಿದ ಸಾಲು ಜಡ್ಜಿಗೆ ಕಾಣಲ್ವಾ? ಅದಕ್ಕಿಂತ ಖಾಲಿ ಹಾಳೇನೇ ವಾಸಿ."

ಭಟ್ರು ಮೆಲ್ಲಗೆ ಕೇಳಿದರು. "ತಪ್ಪು ಮಾತ್ರೆ ಕೊಟ್ಟು ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹೊಣೆ ಯಾರದ್ದು?"

"ಮಾಣಿ ಸಾಂಬಾರ್ ಚೆಲ್ಲಿದ್ರೆ ದುಡ್ಡು ಯಾರು ಕಟ್ತಾರೆ? ಓನರ್ರು. 1998ರ ಕೇಸಲ್ಲಿ ನರ್ಸ್ ಮಗುವಿಗೆ ತಪ್ಪು ಇಂಜೆಕ್ಷನ್ ಕೊಟ್ಟಿದ್ರು. ಕೋರ್ಟು ಆಸ್ಪತ್ರೆ ಹತ್ರಾನೇ ಪರಿಹಾರ ಕೊಡ್ಸಿತು. ಮಗುವಿಗೆ ಬೇರೆ, ಅಪ್ಪ ಅಮ್ಮನಿಗೆ ಬೇರೆ."

"ಸದ್ಯ, ಬಚಾವ್."

"ಪೂರ್ತಿ ಕೇಳಿ ಭಟ್ರೇ" ಅಂದರು ಸಿಸ್ಟರು. "ದುಡ್ಡು ಕಟ್ಟೋಕೆ ಆಸ್ಪತ್ರೆ ಜೊತೆಗಿರುತ್ತೆ. ಜೈಲಿಗೆ ಜೊತೆ ಬರಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಓದಿ. ನಿರ್ಲಕ್ಷ್ಯದಿಂದ ಸಾವಾದ್ರೆ ಐದು ವರ್ಷದವರೆಗೆ ಸಜೆ. ಚಿಕಿತ್ಸೆ ಮಾಡೋವಾಗ ನೋಂದಾಯಿತ ಡಾಕ್ಟರಿಂದ ಆದ್ರೆ ಎರಡು ವರ್ಷದವರೆಗೆ."

"ಮತ್ತೆ ನಾವು?"

"ನಾವು ಡಾಕ್ಟರ ರಿಜಿಸ್ಟರಲ್ಲಿ ಇದ್ದೀವಾ?"

ಗೌಡ್ರು ಬೆರಳು ಮಡಚಿ ಎಣಿಸಿದರು. "ಸಂಬಳದಲ್ಲಿ ಅವರಿಗೆ ಜಾಸ್ತಿ, ಜೈಲಲ್ಲಿ ನಮಗೆ ಜಾಸ್ತಿ!"

"ಹಾಗಂತ ಸಣ್ಣ ತಪ್ಪಿಗೆಲ್ಲ ಜೈಲಿಲ್ಲ. ಆಕ್ಸಿಜನ್ ಸಿಲಿಂಡರ್ ಖಾಲಿ ಇದ್ದ ಕೇಸಲ್ಲೂ 2005ರಲ್ಲಿ ಸುಪ್ರೀಂ ಕೋರ್ಟ್ ಡಾಕ್ಟರ ಮೇಲಿನ ಕ್ರಿಮಿನಲ್ ಕೇಸ್ ತೆಗೆದುಹಾಕ್ತು. ಕ್ರಿಮಿನಲ್ ಅನ್ನೋಕೆ ನಿರ್ಲಕ್ಷ್ಯ ತೀರಾ ಮಿತಿಮೀರಿರ್ಬೇಕು ಅಂತು. ಪರಿಹಾರದ ಲೆಕ್ಕ ಬೇರೆ."

ಭಟ್ರ ಕಡೆಯಿಂದ ಉತ್ತರವಿಲ್ಲ. ನೋಡಿದರೆ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಾರೆ. ಅಷ್ಟರಲ್ಲಿ ಮಾಣಿ ಬಂದ. "ನಾಲ್ಕು ಕಾಫಿ ಹೇಳ್ಲಾ? ಇವ್ರಿಗೂ ಬೇಕಾ?"

ಗೌಡ್ರು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ನಾನು ಸಿಸ್ಟರ ಮುಖ ನೋಡಿದೆ. ಸಿಸ್ಟರು ಫ್ಯಾನ್ ನೋಡಿದರು. ಮಾಣಿ ಮೂವರನ್ನೂ ನೋಡಿದ.

"ಎದ್ದ ಮೇಲೆ ಅವ್ರನ್ನೇ ಕೇಳಪ್ಪ" ಅಂದರು ಗೌಡ್ರು.

ಭಟ್ರು ಕಣ್ಣು ಬಿಡಲಿಲ್ಲ. "ಸ್ಟ್ರಾಂಗು. ಸಕ್ಕರೆ ಕಮ್ಮಿ" ಅಂದರು. "ಬರ್ಕೋ."